ಡಾ. ದಯಾ ಕಿಶನ್ ತುಸ್ಸು: ಸುದ್ದಿಯ ಹರಿವನ್ನು ಅಳೆದ ಪ್ರಾಧ್ಯಾಪಕರು

ಅಂತರರಾಷ್ಟ್ರೀಯ ಸಂವಹನ ಅಧ್ಯಯನದಲ್ಲಿ ಹೆಸರು ಮಾಡಿದ ಭಾರತೀಯ ವಿದ್ವಾಂಸರಲ್ಲಿ ಡಾ. ದಯಾ ಕಿಶನ್ ತುಸ್ಸು ಪ್ರಮುಖರು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಿಂದ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಡಾಕ್ಟರೇಟ್ ಪಡೆದವರು. ಲಂಡನ್ನಿನ ಜೆಮಿನಿ ನ್ಯೂಸ್ ಸರ್ವಿಸ್‌ನಲ್ಲಿ ಸಹ ಸಂಪಾದಕರಾಗಿದ್ದರು. ಬಡ ರಾಷ್ಟ್ರಗಳ ಸುದ್ದಿಯನ್ನು ಆಯಾ ನೆಲದ ಪತ್ರಕರ್ತರಿಂದಲೇ ಬರೆಯಿಸಿ ಜಗತ್ತಿಗೆ ಹಂಚುತ್ತಿದ್ದ ಸಣ್ಣ ಸಂಸ್ಥೆಯದು. ಯಾರ ಸುದ್ದಿಯನ್ನು ಯಾರು ಹೇಳಬೇಕೆಂಬ ಪ್ರಶ್ನೆ ಇವರಿಗೆ ಪುಸ್ತಕದಿಂದಷ್ಟೇ ಬಂದುದಲ್ಲ.

ಮುಂದೆ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದಲ್ಲಿಯೂ ಅನಂತರ ಹಾಂಗ್‌ಕಾಂಗ್ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯದಲ್ಲಿಯೂ ಪ್ರಾಧ್ಯಾಪಕರಾದರು. 2000ದಲ್ಲಿ ಪ್ರಕಟವಾದ 'ಇಂಟರ್‌ನ್ಯಾಷನಲ್ ಕಮ್ಯುನಿಕೇಷನ್' ಗ್ರಂಥವು ತಂತಿ ಯುಗದಿಂದ ಅಂತರ್ಜಾಲದವರೆಗಿನ ಚರಿತ್ರೆಯನ್ನು ಹೇಳುವ ಪಠ್ಯ. 2005ರಲ್ಲಿ 'ಗ್ಲೋಬಲ್ ಮೀಡಿಯಾ ಅಂಡ್ ಕಮ್ಯುನಿಕೇಷನ್' ಎಂಬ ವಿದ್ವತ್ಪತ್ರಿಕೆಯನ್ನು ಆರಂಭಿಸಿದರು.

ನಮಗೆ ಹೆಚ್ಚು ಹತ್ತಿರವೆನಿಸುವುದು 2007ರ 'ನ್ಯೂಸ್ ಆ್ಯಸ್ ಎಂಟರ್‌ಟೇನ್‌ಮೆಂಟ್'. ಜಾಹೀರಾತಿನ ಪೈಪೋಟಿಗೆ ಸಿಲುಕಿದ ಸುದ್ದಿಯು ಮನರಂಜನೆಯಾಗುವ ಬಗೆಯನ್ನು ಅದು ವಿವರಿಸುತ್ತದೆ. ನಮ್ಮ ವಾಹಿನಿಗಳ ಸರಕನ್ನು ಅವರು ಸಿನಿಮಾ, ಕ್ರೈಂ, ಕ್ರಿಕೆಟ್ ಎಂದು ಮೂರೇ ಮಾತಿನಲ್ಲಿ ಹಿಡಿದರು. ಸಂಜೆ ರಿಮೋಟ್ ಹಿಡಿದು ಕುಳಿತವರಿಗೆ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ.

ಅದೇ ವರ್ಷ ಸಂಪಾದಿಸಿದ 'ಮೀಡಿಯಾ ಆನ್ ದಿ ಮೂವ್' ಕೃತಿಯು ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಪ್ರತಿಪ್ರವಾಹವನ್ನು ಗುರುತಿಸಿತು. ಆದರೆ ಅದರಿಂದ ಪಾಶ್ಚಾತ್ಯ ಪ್ರಾಬಲ್ಯ ಕುಗ್ಗಿತೆಂದು ಹಿಗ್ಗಲು ತುಸ್ಸು ಒಪ್ಪುವುದಿಲ್ಲ. 2013ರಲ್ಲಿ ಭಾರತದ ಸಾಂಸ್ಕೃತಿಕ ಪ್ರಭಾವವನ್ನು ಕುರಿತು ಬರೆದ ಪುಸ್ತಕದ ಉಪಶೀರ್ಷಿಕೆಯಲ್ಲೇ ಬುದ್ಧನೊಡನೆ ಬಾಲಿವುಡ್ ಇದೆ. ಭಾರತದ ದನಿಯೆಂದರೆ ಹಿಂದಿ ಚಿತ್ರವೆಂಬ ಭಾವನೆ ಬಲಿಯುವುದೇ ನಮ್ಮ ಅಳುಕು. 1994ರಲ್ಲಿ ಉದಯ ಟಿ.ವಿ. ಆರಂಭವಾದ ಮೇಲೆ ಮುಂಬಯಿ, ದೆಹಲಿಗಳ ಕನ್ನಡ ಮನೆಗಳಿಗೆ ಉಪಗ್ರಹದ ಮೂಲಕ ಬಂದಿಳಿದುದೂ ಒಂದು ಪ್ರವಾಹವೇ.