ಹೆಸರಿನಿಂದ ಕಳಚಿಬಿದ್ದ ಒಂದು ಪದ: ಸ್ಟೆಮ್ ಸೆಲ್ ಚಿಕಿತ್ಸೆಯ ಕಥೆ

ಬಾಗಲಕೋಟೆ ನವನಗರದಿಂದ ಮಾತಾಡ್ತಿದ್ದೀನಿ. ಇವತ್ತಿನ ಸಂಚಿಕೆಯೂ ಇತಿಹಾಸದ್ದೇ. ಆದ್ರೆ ಶುರುವಾಗೋದು ನಮ್ಮ ಪಕ್ಕದ ಮನೆಯಿಂದ.

ಕಳೆದ ವರ್ಷ ಒಂದು ಸಂಜೆ ಪಕ್ಕದ ಮನೆ ಅಕ್ಕ ಫೈಲ್ ಹಿಡ್ಕೊಂಡು ಬಂದ್ರು. ಅವರ ಮಗನಿಗೆ ಆರು ವರ್ಷ, ಸೆರೆಬ್ರಲ್ ಪಾಲ್ಸಿ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಹುಡುಗ ನಡೀತಾನೆ ಅಂತ ದೂರದ ಊರಿನ ಒಂದು ಕ್ಲಿನಿಕ್‌ನವರು ಹೇಳಿದ್ರಂತೆ. "ತಮ್ಮಾ, ನೀ ಬಿಕಾಂ ಓದೀದಿ. ಈ ಲೆಕ್ಕ ಒಂಚೂರು ನೋಡು. ಸೈಟ್ ಮಾರಬೇಕೋ ಬ್ಯಾಡೋ ಹೇಳು" ಅಂದ್ರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದಾಗ ಅವರ ಮಾವನಿಗೆ ಸಿಕ್ಕ ಸೈಟ್ ಅದು. ಒಂದ್ಸಲ ಎಲ್ಲಾ ಕಳಕೊಂಡ ಮನೆತನ. ಹಂಗಾಗಿ ಬಾಯಿಗೆ ಬಂದದ್ದು ಹೇಳಿ ಕಳಿಸೋಕಾಗಲಿಲ್ಲ. ಓದೋಕೆ ಕೂತೆ.

ಮೊದಲು 1961ಕ್ಕೆ ಹೋಗೋಣ. ಕೆನಡಾದ ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್‌ಕುಲಕ್ ಅನ್ನೋ ಇಬ್ಬರು ವಿಜ್ಞಾನಿಗಳು ವಿಕಿರಣಕ್ಕೊಡ್ಡಿದ ಇಲಿಗಳಿಗೆ ಅಸ್ಥಿಮಜ್ಜೆಯ ಕೋಶಗಳನ್ನು ಕೊಟ್ಟರು. ಇಲಿಗಳ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟು ಎದ್ದವು. ಒಂದೇ ಕೋಶದಿಂದ ಬಗೆಬಗೆಯ ರಕ್ತಕಣ ಹುಟ್ಟಬಹುದು ಅನ್ನೋ ಸುಳಿವು ಅಲ್ಲಿ ಸಿಕ್ತು. ಅದೇ ಸ್ಟೆಮ್ ಸೆಲ್, ಕನ್ನಡದಲ್ಲಿ ಕಾಂಡಕೋಶ. ನಮ್ಮ ದೇಶದಲ್ಲಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ, 1986ರಲ್ಲಿ ವೆಲ್ಲೂರಿನ ಸಿಎಂಸಿ ಅಸ್ಥಿಮಜ್ಜೆ ಕಸಿ ಶುರು ಮಾಡಿದವು. ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ ಇರೋರಿಗೆ ಇದು ನಿಜವಾದ ಚಿಕಿತ್ಸೆ.

ಒಂದು ವಿಷಯ ಗಮನಿಸ್ರಿ. ಮಜ್ಜೆಯ ಕೆಲಸವೇ ರಕ್ತ ತಯಾರಿಸೋದು. ಹೊಸ ಮಜ್ಜೆ ಕೂರಿಸಿದ್ರೆ ಅದು ತನ್ನ ಕೆಲಸವನ್ನೇ ಮಾಡುತ್ತೆ. ಅದೇ ಕೋಶ ಮಿದುಳನ್ನೂ ರಿಪೇರಿ ಮಾಡುತ್ತೆ ಅನ್ನೋದು ಬೇರೆ ಮಾತು. ಅದಕ್ಕೆ ಬೇರೆ ಪುರಾವೆ ಬೇಕು. ಆದ್ರೆ ಜಾಹೀರಾತುಗಳು ಎರಡನ್ನೂ ಒಂದೇ ಗಂಟಿಗೆ ಕಟ್ಟಿದವು.

ಈಗ ಆ ಪದದ ಕಥೆ. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ಜೈವಿಕ ತಂತ್ರಜ್ಞಾನ ಇಲಾಖೆ ಜೊತೆ ಸೇರಿ ಮಾರ್ಗಸೂಚಿ ತಂತು. ಅದರ ಹೆಸರಲ್ಲಿ 'ಸ್ಟೆಮ್ ಸೆಲ್ ಸಂಶೋಧನೆ ಮತ್ತು ಚಿಕಿತ್ಸೆ' ಅಂತ ಇತ್ತು. 2013ರಲ್ಲಿ ಅದನ್ನ ಪರಿಷ್ಕರಿಸಿದಾಗ 'ಚಿಕಿತ್ಸೆ' ಅನ್ನೋ ಪದವನ್ನೇ ತೆಗೆದರು. ಉದ್ದೇಶಪೂರ್ವಕವಾಗಿಯೇ. ರಕ್ತದ ಕಾಯಿಲೆಗಳ ಕಸಿ ಬಿಟ್ಟರೆ ಉಳಿದದ್ದು ಇನ್ನೂ ಚಿಕಿತ್ಸೆ ಅಲ್ಲ, ಪ್ರಯೋಗ ಅಂತ ಹೇಳೋಕೆ. 2017ರ ಮಾರ್ಗಸೂಚಿ ಇದನ್ನ ಮತ್ತೆ ಒತ್ತಿ ಹೇಳ್ತು. ಮಾರ್ಗಸೂಚಿ ಕಾನೂನಲ್ಲವಲ್ಲ ಅಂತೀರಾ? 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಸ್ಟೆಮ್ ಸೆಲ್‌ನಿಂದ ತಯಾರಾದ ಉತ್ಪನ್ನ 'ಹೊಸ ಔಷಧ'ದ ಪಟ್ಟಿಗೆ ಬಂತು. ಅಂದ್ರೆ ಮಾರೋಕೆ ಮುಂಚೆ ಪರೀಕ್ಷೆ, ಅನುಮತಿ ಎರಡೂ ಬೇಕು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತಾ ಮಂಡಳಿ, ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡಲ್ಲ ಅಂತ ಸ್ಪಷ್ಟವಾಗಿ ಹೇಳ್ತು.

ಹಂಗಾದ್ರೆ ಸರ್ಕಾರ ಬರೀ ಬೇಡ ಅನ್ನುತ್ತಾ? ಇಲ್ಲ. ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಮಣಿಪಾಲ್ ಸಮೂಹದ ಸ್ಟೆಂಪ್ಯೂಟಿಕ್ಸ್ ಕಂಪನಿ ಶುರುವಾಗಿದ್ದು 2006ರಲ್ಲಿ. ಬರ್ಗರ್ ಕಾಯಿಲೆ ಅಂತ ಒಂದಿದೆ. ಬೀಡಿ, ತಂಬಾಕಿನ ಚಟ ಇರೋರಲ್ಲೇ ಹೆಚ್ಚು. ಕಾಲಿನ ರಕ್ತನಾಳ ಕಟ್ಟಿ, ಗಾಯ ಮಾಯದೆ, ಕೊನೆಗೆ ಕಾಲು ಕತ್ತರಿಸೋ ಸ್ಥಿತಿ ಬರುತ್ತೆ. ದಾನಿಗಳ ಮಜ್ಜೆಯ ಕೋಶದಿಂದ ಇದಕ್ಕೆ ಮಾಡಿದ ಉತ್ಪನ್ನಕ್ಕೆ ಔಷಧ ನಿಯಂತ್ರಕರಿಂದ ಸೀಮಿತ ಅನುಮತಿ ಸಿಕ್ಕಿದ್ದು 2016ರಲ್ಲಿ. ಹತ್ತು ವರ್ಷ ದುಡಿದದ್ದಕ್ಕೆ ಸಿಕ್ಕಿದ್ದು ಒಂದು ಕಾಯಿಲೆಗೆ, ಅದೂ ಷರತ್ತಿನ ಮೇಲೆ! ಆ ಕ್ಲಿನಿಕ್‌ನವರ ಕರಪತ್ರದಲ್ಲಿ ಮಾತ್ರ ಒಂದೇ ಪುಟದಲ್ಲಿ ಹದಿನಾಲ್ಕು ಕಾಯಿಲೆ.

ಅಕ್ಕನ ಫೈಲ್ ಮತ್ತೆ ತೆರೆದೆ. ಒಪ್ಪಿಗೆ ಪತ್ರದಲ್ಲಿ 'ಪ್ರಯೋಗಾತ್ಮಕ' ಅಂತ ಬರೆದಿತ್ತು. ಹಿಂದಿನ ಹಾಳೆಯಲ್ಲಿ 'ಪ್ಯಾಕೇಜ್ ದರ', ಮೂರು ಕಂತು. ನನ್ನಂಥ ಕಾಮರ್ಸ್ ಹುಡುಗನಿಗೆ ಇಷ್ಟು ಸಾಕಾಯ್ತು. ನಿಜವಾದ ಟ್ರಯಲ್‌ನಲ್ಲಿ ಆ ಪ್ರಯೋಗದ ಔಷಧಕ್ಕೆ ರೋಗಿ ದುಡ್ಡು ಕೊಡೋ ಹಂಗಿಲ್ಲ. ಅದರಿಂದ ತೊಂದರೆ ಆದ್ರೆ ಟ್ರಯಲ್ ನಡೆಸೋರೇ ಪರಿಹಾರ ಕೊಡಬೇಕು. ಅದು ಸಿಟಿಆರ್‌ಐ ಅನ್ನೋ ಸರ್ಕಾರಿ ನೋಂದಣಿಯಲ್ಲಿರಬೇಕು. ಫೋನ್‌ನಲ್ಲೇ ಯಾರು ಬೇಕಾದ್ರೂ ಹುಡುಕಬಹುದು. ನೋಂದಣಿ ಇದ್ದಮಾತ್ರಕ್ಕೆ ಔಷಧ ಕೆಲಸ ಮಾಡುತ್ತೆ ಅಂತಲ್ಲ, ಪರೀಕ್ಷೆ ನಡೀತಿದೆ ಅಂತ ಅಷ್ಟೇ. ನೋಂದಣಿ ಸಂಖ್ಯೆ ಕೊಡ್ರಿ ಅಂತ ಅಕ್ಕನ ಫೋನಿಂದಲೇ ಕೇಳಿದ್ವಿ. "ಮೊದಲ ಕಂತು ಕಟ್ಟಿದ ಮೇಲೆ ಮಾತಾಡೋಣ" ಅಂದ್ರು.

ಅಕ್ಕ ಬಹಳ ಹೊತ್ತು ಸುಮ್ಮನೆ ಕೂತಿದ್ರು. ಆಮೇಲೆ ಕೇಳಿದ್ರು, "ಹಂಗಾದ್ರ ನನ್ನ ಮಗಗ ಏನೂ ಇಲ್ಲೇನು ತಮ್ಮಾ?" ನನ್ನ ಹತ್ರ ಇದ್ದ ಉತ್ತರ ಸಣ್ಣದು. ಫಿಸಿಯೋಥೆರಪಿ ಇದೆ, ನಿಧಾನ, ಪವಾಡ ಇಲ್ಲ. ಸೈಟ್ ಮಾರಲಿಲ್ಲ. ಹುಡುಗ ಇನ್ನೂ ನಡೀತಿಲ್ಲ, ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಹೋಗ್ತಾನೆ. ಗೋಡೆ ಹಿಡಿದು ನಿಂತಾಗ ನಮ್ಮನೆ ಕಡೆ ಕೂಗ್ತಾನೆ, ನೋಡೋಕೆ ನಾವು ಹೋಗ್ತೀವಿ.

ನಿಮ್ಮ ಮನೆಗೂ ಇಂಥ ಫೈಲ್ ಬರಬಹುದು. ಕಂತು ಕಟ್ಟೋ ಮುಂಚೆ ಒಂದೇ ಪ್ರಶ್ನೆ ಕೇಳ್ರಿ: ಇದು ಚಿಕಿತ್ಸೆಯೋ, ಪ್ರಯೋಗವೋ? ಪ್ರಯೋಗ ಅಂದ್ರೆ, ದುಡ್ಡು ಯಾಕೆ? ಚಿಕಿತ್ಸೆ ಅಂದ್ರೆ, ಅನುಮತಿ ಎಲ್ಲಿ? ಮುಂದಿನ ವಾರ ಸಿಗೋಣ್ರಿ.