ಹೊಳೆಯ ವಿದ್ಯುತ್ತು, ತೆರೆಯ ವಿದ್ಯುತ್ತು

ಹಿಪ್ಪರಗಿಯ ಬ್ಯಾರೇಜಿನ ಮೇಲೆ ನಿಂತು ಕೃಷ್ಣೆಯನ್ನು ನೋಡುತ್ತಿದ್ದ ನಮ್ಮ ಶಾಲೆಯ ಹುಡುಗನೊಬ್ಬ ಒಮ್ಮೆ ಕೇಳಿದ: "ಹೊಳಿ ನೀರಿನಿಂದ ಕರೆಂಟ್ ತೆಗೀತಾರಲ್ರೀ ಸರ್, ಈ ಹೊಳಿ ಹೋಗಿ ಕೂಡೋ ಸಮುದ್ರದ ತೆರಿಯಿಂದ ಯಾಕ ತೆಗ್ಯೂದಿಲ್ರಿ?" ನಾನು ಕನ್ನಡ ಕಲಿಸುವವನು, ವಿಜ್ಞಾನದವನಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತೆರೆಯಿಂದ ವಿದ್ಯುತ್ತನ್ನು ನಮ್ಮ ದೇಶದಲ್ಲಿಯೇ ತೆಗೆದದ್ದುಂಟು. ಅದೇಕೆ ಬೆಳೆಯಲಿಲ್ಲ ಎಂಬುದನ್ನು ಅರಿಯಬೇಕಾದರೆ, ವಾಚಕರೇ, ಮೊದಲು ನಮ್ಮ ನದಿಗಳ ಕಥೆಯನ್ನು ನೆನೆಯಬೇಕು.

ನಮ್ಮ ನೆರೆಯ ಗೋಕಾಕದಲ್ಲಿ ಘಟಪ್ರಭೆಯು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. 1887ರಲ್ಲಿಯೇ ಆ ನೀರಿನ ಬಲದಿಂದ ಹತ್ತಿಯ ಗಿರಣಿ ನೂಲತೊಡಗಿತು. ಅಲ್ಲಿ ಶಕ್ತಿ ಹುಟ್ಟಿದ ಸ್ಥಳದ ಪಕ್ಕದಲ್ಲಿಯೇ ಅದನ್ನು ಬಳಸುವವರಿದ್ದರು. ಶಿವನಸಮುದ್ರದ ಸಂಗತಿ ಇದಕ್ಕಿಂತ ದೊಡ್ಡದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರವು ಎಂಜಿನಿಯರ್ ಲಾಟ್ಬಿನಿಯರ್ ಅವರನ್ನು ಯೂರೋಪು ಅಮೆರಿಕಗಳಿಗೆ ಕಳುಹಿಸಿ ಯಂತ್ರಗಳನ್ನು ವಿಚಾರಿಸಿತು. ಕೋಲಾರದ ಚಿನ್ನದ ಗಣಿಗಳವರೊಡನೆ ಕರಾರು ಮಾಡಿಕೊಂಡಿತು. 1902ರಲ್ಲಿ 92 ಮೈಲಿ ದೂರಕ್ಕೆ ವಿದ್ಯುತ್ತು ಹರಿಯಿತು. ಯಂತ್ರ ತಿರುಗುವ ಮುನ್ನವೇ ಕೊಳ್ಳುವವರ ರುಜು ಬಿದ್ದಿತ್ತು. ಈ ಮಾತನ್ನು ನೆನಪಿನಲ್ಲಿಡಿರಿ. ಅಯ್ಯರ್ ಅವರು ಮಾತ್ರ ಅದನ್ನು ಕಣ್ಣಾರೆ ಕಾಣಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇನ್ನು ಕಡಲಿಗೆ ಬರೋಣ. 1973ರಲ್ಲಿ ತೈಲದ ಬೆಲೆ ಏರಿದಾಗ ಹಲವು ದೇಶಗಳ ಕಣ್ಣು ಅಲೆಗಳ ಕಡೆಗೆ ತಿರುಗಿತು. ಎಡಿನ್‌ಬರೋದ ಸ್ಟೀಫನ್ ಸಾಲ್ಟರ್ ಎಂಬ ಪ್ರಾಧ್ಯಾಪಕರು ತೆರೆಯ ಮೇಲೆ ತೂಗಾಡುವ ಯಂತ್ರವೊಂದನ್ನು ರೂಪಿಸಿದರು. ಬ್ರಿಟಿಷ್ ಸರ್ಕಾರವು ಸಂಶೋಧನೆಗೆ ಹಣ ಕೊಟ್ಟಿತು. 1982ರ ಸುಮಾರಿಗೆ ಕೈ ಹಿಂದಕ್ಕೆಳೆದುಕೊಂಡಿತು. ಅದೇ ಹೊತ್ತಿಗೆ ನಮ್ಮಲ್ಲಿ ಕೆಲಸ ಮೊದಲಾಯಿತು. 1981ರಲ್ಲಿ ಸ್ಥಾಪಿತವಾದ ಸಾಗರ ಅಭಿವೃದ್ಧಿ ಇಲಾಖೆಯ ಬೆಂಬಲದಿಂದ ಮದ್ರಾಸಿನ ಐಐಟಿಯವರು ಕೇರಳದ ವಿಳಿಂಜಂ ಬಂದರಿನಲ್ಲಿ ಸ್ಥಾವರವೊಂದನ್ನು ಕಟ್ಟಿದರು. ಅದು 1991ರಲ್ಲಿ ಸಿದ್ಧವಾಯಿತು; ಸಾಮರ್ಥ್ಯ 150 ಕಿಲೋವ್ಯಾಟ್.

ಅದರ ಬಗೆಯನ್ನು ಕಮ್ಮಾರನ ತಿದಿಯಿಂದ ತಿಳಿಯಬಹುದು. ಸಮುದ್ರದಲ್ಲಿ ಕೂರಿಸಿದ ಕಾಂಕ್ರೀಟಿನ ಭಾರಿ ಕೋಣೆಯೊಳಗೆ ಅಲೆ ನುಗ್ಗಿದಾಗ ನೀರು ಮೇಲೇರಿ ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ. ಇಳಿದಾಗ ಒಳಕ್ಕೆ ಸೆಳೆಯುತ್ತದೆ. ಗಾಳಿ ಹೋದರೂ ಬಂದರೂ ಒಂದೇ ದಿಕ್ಕಿಗೆ ತಿರುಗುವ ಚಕ್ರ ಬೇಕು. ಬೆಲ್‌ಫಾಸ್ಟಿನ ಅಲನ್ ವೆಲ್ಸ್ ಎಂಬವರು ಅಂಥದನ್ನು ಕಂಡುಹಿಡಿದಿದ್ದರು. ತಿದಿಯನ್ನು ಒತ್ತುವ ಕೈಗೆ ಒಂದು ಲಯವುಂಟು; ಕಡಲಿಗೆ ಅದಿಲ್ಲ. ಒಂದು ಅಲೆ ದೊಡ್ಡದು, ಮರುಗಳಿಗೆಯದು ಚಿಕ್ಕದು. ಮಳೆಗಾಲದ ಅಬ್ಬರ ಚಳಿಗಾಲದಲ್ಲಿ ಉಳಿಯದು. ಸ್ಥಾವರದಿಂದ ದೊರೆಯುವ ವಿದ್ಯುತ್ತು ಹಾಗೆಯೇ ಏರಿಳಿಯುತ್ತಿತ್ತು. ಮುಂದೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಅದೇ ಸ್ಥಾವರದ ಶಕ್ತಿಯಿಂದ ಉಪ್ಪುನೀರನ್ನು ಸಿಹಿಮಾಡಿಯೂ ನೋಡಿದರು. ಆ ಸ್ಥಾವರ ಈಗ ನಡೆಯುತ್ತಿಲ್ಲ.

ಯಂತ್ರ ಸೋತಿತೆಂದು ಹೇಳುವವರುಂಟು. ನನಗೆ ಹಾಗೆನಿಸುವುದಿಲ್ಲ. ಶಿವನಸಮುದ್ರಕ್ಕೆ ಕೋಲಾರವಿತ್ತು, ವಿಳಿಂಜಂಗೆ ಕೋಲಾರವಿರಲಿಲ್ಲ. ಮುಂದಿನ ದೊಡ್ಡ ಸ್ಥಾವರ ಕಟ್ಟಿದರೆ ಇಷ್ಟು ವರ್ಷ ಇಷ್ಟು ಬೆಲೆಗೆ ಕೊಳ್ಳುತ್ತೇವೆಂಬ ಕರಾರು ಇಲ್ಲದೆ ಯಾರು ತಾನೆ ಕೈಹಾಕಿಯಾರು? ಸ್ಕಾಟ್ಲೆಂಡಿನವರು 2003ರಲ್ಲಿ ಆರ್ಕ್ನಿ ದ್ವೀಪಗಳಲ್ಲಿ ಪರೀಕ್ಷಾ ಕೇಂದ್ರ ತೆರೆದರು. ಸಮುದ್ರದೊಳಗೆ ಕೇಬಲ್ ಎಳೆದು, ಯಂತ್ರ ತಂದವರು ಅಲ್ಲಿ ಜೋಡಿಸಿ ನೋಡಬಹುದೆಂಬ ಏರ್ಪಾಟು ಮಾಡಿದರು. ಮರುವರ್ಷ ಪೆಲಾಮಿಸ್ ಎಂಬ ಯಂತ್ರ ಅಲ್ಲಿಂದ ವಿದ್ಯುತ್ತು ಕಳುಹಿಸಿತು. ಅದನ್ನು ಮಾಡಿದ ಕಂಪನಿಯೂ 2014ರಲ್ಲಿ ದಿವಾಳಿಯ ಅಂಚಿಗೆ ಬಂದು ನಿಂತುಹೋಯಿತೆಂಬುದನ್ನು ಮರೆಮಾಚಬಾರದು. ಆದರೆ ಕೇಂದ್ರ ಉಳಿಯಿತು. ಬೇರೆಯವರು ಅಲ್ಲಿಗೆ ಯಂತ್ರ ತಂದರು.

ನಮ್ಮಲ್ಲಿ 2019ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಅಲೆ, ಭರತ ಮೊದಲಾದ ಸಾಗರಶಕ್ತಿಯನ್ನು ನವೀಕರಿಸಬಹುದಾದ ಶಕ್ತಿಯೆಂದು ಸಾರಿ, ವಿದ್ಯುತ್ ಕಂಪನಿಗಳು ಕಡ್ಡಾಯವಾಗಿ ಕೊಳ್ಳಬೇಕಾದ ಪಾಲಿನ ಲೆಕ್ಕಕ್ಕೆ ಅದನ್ನು ಸೇರಿಸಿತು. ವಿಳಿಂಜಂ ಸಿದ್ಧವಾದ 28 ವರ್ಷಗಳ ಮೇಲೆ ಬಂದ ಮಾತು ಇದು. ಯಂತ್ರವನ್ನು ಕಡಲಿಗಿಳಿಸಿ, ಉಪ್ಪಿಗೂ ಬಿರುಗಾಳಿಗೂ ಒಡ್ಡಿ, ಕೆಟ್ಟದ್ದನ್ನು ತಿದ್ದಿ ಮತ್ತೆ ಇಳಿಸುವ ಖರ್ಚನ್ನು ಹೊರುವವರು ಯಾರೆಂಬುದನ್ನು ಆ ಆದೇಶ ಹೇಳಲಿಲ್ಲ.