ರೋಮಿಗೆ ಹೋದ ಎಡ್ಡಿ

ಹಳೇ ಕಪ್ಪುಬಿಳುಪು ಸಿನಿಮಾ ನೋಡೋ ಚಟ ನನಗೆ ಅಂಟಿಕೊಂಡು ವರ್ಷಗಳಾದವು. ಮನೆಯಲ್ಲಿ ಅದಕ್ಕೆ ಬೈಸಿಕೊಳ್ಳುವುದೂ ರೂಢಿಯಾಗಿದೆ ಬಿಡಿ. ಹೋದ ಭಾನುವಾರ ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ನೋಡಿದ್ದು 1933ರ ‘ರೋಮನ್ ಸ್ಕ್ಯಾಂಡಲ್ಸ್’. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್, ನಿರ್ದೇಶಕ ಫ್ರಾಂಕ್ ಟಟಲ್, ನಾಯಕ ಕಣ್ಣು ಗುಡ್ಡೆ ಹೊರಳಿಸುವ ಎಡ್ಡಿ ಕ್ಯಾಂಟರ್.

ಹೆಸರು ಕೇಳಿ ರಾಜರು, ರಥಗಳು ಅಂದುಕೊಂಡರೆ ಕಥೆ ಶುರುವಾಗೋದು ಅಮೆರಿಕದ ಒಕ್ಲಹೋಮಾದ ವೆಸ್ಟ್ ರೋಮ್ ಅನ್ನೋ ಕಾಲ್ಪನಿಕ ಊರಲ್ಲಿ. ಊರಿನ ದೊಡ್ಡ ಮನುಷ್ಯನೊಬ್ಬ ಅಧಿಕಾರಿಗಳನ್ನು ಕೈಯಲ್ಲಿಟ್ಟುಕೊಂಡು ಬಡವರ ಬೀದಿಯನ್ನೇ ಖಾಲಿ ಮಾಡಿಸ್ತಾನೆ. ಯಾಕೆ ಗೊತ್ತಾ? ಜೈಲು ಕಟ್ಟೋಕೆ! ಮನೆ ಕಳೆದುಕೊಂಡವರು ಪಾತ್ರೆ ಪಗಡ, ಮಂಚ ಎಲ್ಲಾ ರಸ್ತೆಗೆ ತಂದಿಟ್ಟುಕೊಂಡು ಅಲ್ಲೇ ಸಂಸಾರ ಹೂಡ್ತಾರೆ, ಎಡ್ಡಿ ಅವರ ಜೊತೆ ಹಾಡ್ತಾನೆ. ನಗಿಸೋ ಹಾಡೇ. ಆದರೆ ಆ ವರ್ಷ ಅಲ್ಲಿ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬನಿಗೆ ಕೆಲಸ ಇರಲಿಲ್ಲ. ಮಾರ್ಚ್‌ನಲ್ಲಿ ದೇಶದ ಬ್ಯಾಂಕುಗಳನ್ನೆಲ್ಲಾ ಕೆಲವು ದಿನ ಮುಚ್ಚಿಸಿದ್ದರು. ಸಾಲ ಕಟ್ಟಲಾಗದೆ ಮನೆ ಕಳೆದುಕೊಳ್ಳುತ್ತಿದ್ದವರಿಗಾಗಿ ಜೂನ್‌ನಲ್ಲಿ ಸರ್ಕಾರವೇ ಒಂದು ಸಂಸ್ಥೆ ಮಾಡಬೇಕಾಯ್ತು. ಡಿಸೆಂಬರ್‌ನಲ್ಲಿ ಬಂದ ಈ ಸಿನಿಮಾದ ಟಿಕೆಟ್ ಕೊಂಡವರಲ್ಲಿ ಎಷ್ಟು ಜನ ಅಂಥದ್ದೇ ರಸ್ತೆಯಿಂದ ಬಂದಿದ್ದರೋ!

ಕ್ಯಾಂಟರನೂ ಹೊಟ್ಟೆ ತುಂಬಿದವರ ಮನೆ ಹುಡುಗನಲ್ಲ. ನ್ಯೂಯಾರ್ಕಿನ ಬಡ ಯಹೂದಿ ಕೇರಿಯಲ್ಲಿ ಹುಟ್ಟಿ, ಅಪ್ಪ ಅಮ್ಮನನ್ನು ಕಳೆದುಕೊಂಡು ಅಜ್ಜಿ ಕೈಯಲ್ಲಿ ಬೆಳೆದವನು. 1929ರಲ್ಲಿ ಷೇರು ಪೇಟೆ ಬಿದ್ದಾಗ ಗಳಿಸಿದ್ದೆಲ್ಲಾ ಹೆಚ್ಚುಕಡಿಮೆ ತೊಳೆದುಹೋಯ್ತು. ಆತ ಮಾಡಿದ್ದೇನು? ಅದರ ಮೇಲೇ ಒಂದು ನಗೆ ಪುಸ್ತಕ ಬರೆದು ಮಾರಿದ :-)

ಊರಿಂದ ಹೊರಗಟ್ಟಿಸಿಕೊಂಡ ಎಡ್ಡಿ ಕನಸಲ್ಲಿ ಪ್ರಾಚೀನ ರೋಮಿಗೆ ಬೀಳ್ತಾನೆ. ಗುಲಾಮನಾಗಿ ಹರಾಜಾಗಿ, ಚಕ್ರವರ್ತಿಯ ಊಟದ ರುಚಿ ನೋಡುವ ಕೆಲಸಕ್ಕೆ ಸೇರ್ತಾನೆ. ರಾಣಿಗೋ ಗಂಡನಿಗೆ ವಿಷ ಹಾಕುವ ಆಸೆ. ವಿಷ ಯಾವ ತಟ್ಟೆಯಲ್ಲಿದೆ, ಸೊಪ್ಪು ಉದುರಿಸಿದ್ದರಲ್ಲೋ ಉದುರಿಸದ್ದರಲ್ಲೋ ಅಂತ ನಾಲಿಗೆ ತೊಡರಿಸಿಕೊಳ್ಳೋ ತಮಾಷೆ ಇದೆ, ಹೊಟ್ಟೆ ಹಿಡ್ಕೊಂಡು ನಕ್ಕೆವು. ಡ್ಯಾನಿ ಕೇಯ್ ಅಭಿನಯದ ‘ದಿ ಕೋರ್ಟ್ ಜೆಸ್ಟರ್’ನಲ್ಲಿ (1955) ಇಂಥದ್ದೇ ವಿಷದ ಪ್ರಸಂಗ ಬರುತ್ತೆ, ನೋಡಿದವರಿಗೆ ನೆನಪಿರಬಹುದು. ರೋಮಿನಲ್ಲೂ ಅದೇ ಲಂಚ, ಅದೇ ತೆರಿಗೆ, ಬೀದಿಗೆ ಬೀಳೋರು ಅದೇ ಬಡವರು. ಬಟ್ಟೆ ಮಾತ್ರ ಬೇರೆ.

ಬಸ್ಬಿ ಬರ್ಕ್‌ಲಿಯ ನೃತ್ಯಗಳ ವಿಷಯಕ್ಕೆ ಬಂದರೆ, ಗುಲಾಮರ ಸಂತೆಯ ದೃಶ್ಯದಲ್ಲಿ ಸರಪಳಿ ಬಿಗಿದ ಹುಡುಗಿಯರಿಗೆ ಮೈಮುಚ್ಚೋಕೆ ಇರೋದು ಉದ್ದನೆಯ ಹೊಂಬಣ್ಣದ ವಿಗ್ ಮಾತ್ರ. 1934ರ ಮಧ್ಯದಲ್ಲಿ ಹಾಲಿವುಡ್ಡಿನ ನೀತಿಸಂಹಿತೆ ಬಿಗಿಯಾದ ಮೇಲೆ ಇದೆಲ್ಲಾ ನಡೀತಿರಲಿಲ್ಲ. ಆ ಗುಲಾಮ ಹುಡುಗಿಯರ ಗುಂಪಿನಲ್ಲಿ ಮುಂದೆ ಟಿವಿಯ ರಾಣಿಯಾದ ಲೂಸಿಲ್ ಬಾಲ್ ಕೂಡ ಇದ್ದಾಳೆ. ರಾಜಕುಮಾರಿ ಗ್ಲೋರಿಯಾ ಸ್ಟುವರ್ಟ್‌ಳನ್ನಂತೂ ನೀವೂ ನೋಡಿದ್ದೀರಿ, 1997ರ ‘ಟೈಟಾನಿಕ್’ನ ಅಜ್ಜಿ ಅವಳೇ.

ಆಮೇಲೆ ಬಂತು ಹೆಂಗಸರ ಸ್ನಾನಗೃಹದ ದೃಶ್ಯ. ತಪ್ಪಿಸಿಕೊಂಡು ಅಲ್ಲಿಗೆ ನುಗ್ಗಿದ ಎಡ್ಡಿ ಮುಖಕ್ಕೆ ಕಪ್ಪು ಮೆತ್ತಿಕೊಂಡು, ಇಥಿಯೋಪಿಯಾದ ಸೌಂದರ್ಯ ತಜ್ಞನ ವೇಷದಲ್ಲಿ ಕುಣಿತಾನೆ. ಸುತ್ತ ಬಿಳಿ ಸುಂದರಿಯರು, ಅವರ ಸೇವೆಗೆ ನಿಜವಾದ ಕರಿಯ ಹುಡುಗಿಯರು. ನನ್ನ ನಗು ನಿಂತುಹೋಯ್ತು.

"ಅಪ್ಪಾ, ಅವನ್ಯಾಕೆ ಮುಖಕ್ಕೆ ಮಸಿ ಬಳ್ಕೊಂಡ?"

ಸಿನಿಮಾ ನಿಲ್ಲಿಸಿದೆ. ಸುಟ್ಟ ಬೆಂಡಿನ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸೋ ಆಟ ಅಲ್ಲಿ ಹತ್ತೊಂಬತ್ತನೇ ಶತಮಾನದಿಂದಲೇ ಇತ್ತು, ಕ್ಯಾಂಟರ್ ಹೆಸರು ಮಾಡಿದ್ದೂ ಅದರಿಂದಲೇ ಅಂತ ಹೇಳಿದೆ. ಮತ್ತೆ ಅವನ ಪರವಾಗಿ ವಕಾಲತ್ತು ವಹಿಸೋ ಆಸೆ ನೋಡಿ ನನಗೆ.. 1952ರ ಕಥೆಯನ್ನೂ ಹೇಳಿದೆ. ಅವನ ಟಿವಿ ಕಾರ್ಯಕ್ರಮದಲ್ಲಿ ಕರಿಯ ಕಲಾವಿದ ಸ್ಯಾಮಿ ಡೇವಿಸ್ ಜೂನಿಯರ್ ಕುಣಿದು ಬೆವತಾಗ ಕ್ಯಾಂಟರ್ ತನ್ನ ಕರವಸ್ತ್ರದಿಂದಲೇ ಅವನ ಮುಖ ಒರೆಸಿದ. ಬೈಗುಳದ ಪತ್ರಗಳ ರಾಶಿ ಬಂತು, ಪ್ರಾಯೋಜಕರು ಗುರ್ ಅಂದರು. ಈತ ಸ್ಯಾಮಿಯನ್ನು ಮತ್ತೆ ಮತ್ತೆ ಕರೆಸಿದ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಷ್ಟು ಒಳ್ಳೆಯವನಾದ್ರೆ ಆಗ ಯಾಕೆ ಹಾಗ್ಮಾಡ್ದ?"

ಇನ್ನೂ ರಥಗಳ ಓಟ ಬಾಕಿ ಇತ್ತು. ನಾನು ರಿಮೋಟ್ ಹುಡುಕತೊಡಗಿದೆ. ಕೈಯಲ್ಲೇ ಇತ್ತು.